ತಟ್ಟೆಯಲ್ಲಿ ಉಳಿದ ನಾದ

ನಾದವು ಹುಟ್ಟಿದ ಕ್ಷಣದಲ್ಲಿಯೇ ಲಯವನ್ನೈದತಕ್ಕದ್ದೆಂಬುದು ಬಹುಕಾಲದ ಲೋಕಾನುಭವವಾಗಿದ್ದಿತು. ಗಾಯಕನ ಕಂಠವು ಆತನ ದೇಹದೊಡನೆಯೇ ಅಸ್ತಮಿಸುತ್ತಿತ್ತು. ಶಿಷ್ಯನ ಕಂಠದಲ್ಲಿ ನೆಲೆಗೊಂಡಷ್ಟೇ ಲೋಕಕ್ಕೆ ಉಳಿಯುತ್ತಿತ್ತು. 1877ರಲ್ಲಿ ಅಮೇರಿಕೆಯ ಎಡಿಸನ್ನನು ರಚಿಸಿದ ಫೋನೋಗ್ರಾಫ್ ಯಂತ್ರವೂ, ಹತ್ತು ವರ್ಷಗಳ ತರುವಾಯ ಬರ್ಲಿನರನು ಕಂಡುಹಿಡಿದ ಚಪ್ಪಟೆ ತಟ್ಟೆಯ ಗ್ರಾಮೊಫೋನೂ ಈ ಸ್ಥಿತಿಯನ್ನು ಬದಲಿಸಿದವು. ನಡುವೆ ಮೂಲೆಗುಂಪಾಗಿದ್ದ ಆ ತಟ್ಟೆಗಳನ್ನು ಜನರು ಈಗ ಪುನಃ ಅರಸುತ್ತಿರುವರು. ಇದು ಬರಿಯ ಶೋಕಿಯೋ ಅಥವಾ ಇದರಲ್ಲಿ ನಮ್ಮ ಕರ್ತವ್ಯವೇನಾದರೂ ಅಡಗಿರುವುದೋ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

ಭರತಖಂಡದಲ್ಲಿ ಈ ವಿದ್ಯೆಯು ಕಾಲಿಟ್ಟದ್ದು ಕಲಕತ್ತೆಯಲ್ಲಿ. 1902ರ ನವೆಂಬರ ತಿಂಗಳಲ್ಲಿ ಗೈಸ್ಬರ್ಗನೆಂಬ ತಜ್ಞನು ಅಲ್ಲಿಗೆ ಬಂದು ಪ್ರಸಿದ್ಧ ಗಾಯಕಿಯಾದ ಗೌಹರ್ ಜಾನರ ಗಾನವನ್ನು ಮುದ್ರಿಸಿಕೊಂಡನು. ತಟ್ಟೆಗಳು ಆಗ ಜರ್ಮನಿಯ ಹ್ಯಾನೋವರ ಪಟ್ಟಣದಲ್ಲಿ ಸಿದ್ಧವಾಗುತ್ತಿದ್ದವು. ಯಾರ ಹಾಡೆಂಬುದು ಅಲ್ಲಿಯವರಿಗೆ ತಿಳಿಯಲೆಂದು ಆ ವಿದುಷಿಯು ಹಾಡಿನ ಕಡೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. 1928ರಲ್ಲಿ ಮೈಸೂರಿನ ಆಸ್ಥಾನವನ್ನು ಸೇರಿದ ಆಕೆಯು 1930ರಲ್ಲಿ ಅಲ್ಲಿಯೇ ದೇಹವನ್ನು ಬಿಟ್ಟಳು. ಆಕೆಯ ದನಿಯು ಮಾತ್ರ ಇಂದಿಗೂ ತನ್ನ ಹೆಸರನ್ನು ತಾನೇ ಹೇಳುತ್ತಿರುವುದು. ಇನ್ನೊಂದು ಸಂಗತಿಯು ಗಮನಾರ್ಹವಾದುದು. ಆ ತಟ್ಟೆಗಳನ್ನು ಬಿಗಿಸುವ ದ್ರವ್ಯವು ಅರಗು; ಅದಾದರೋ ನಮ್ಮ ಅಡವಿಗಳ ಮುತ್ತುಗವೇ ಮೊದಲಾದ ಮರಗಳ ಮೇಲೆ ಸಣ್ಣ ಹುಳುಗಳು ಸ್ರವಿಸುವ ಅಂಟು.

ಒಂದು ನಿಮಿಷಕ್ಕೆ 78 ಸಲ ಸುತ್ತುವ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷಗಳ ಹಾಡು ಹಿಡಿಯುತ್ತಿತ್ತು. ತಾಸುಗಟ್ಟಲೆ ಬೆಳೆಯುವ ರಾಗವನ್ನು ಇಷ್ಟರಲ್ಲಿ ಅಡಕಮಾಡುವುದು ಸಾಗರವನ್ನು ಗಿಂಡಿಯಲ್ಲಿ ತುಂಬಿದಂತೆಯೇ ಸರಿ. ಆದರೆ ಆ ಗಿಂಡಿಯ ನೀರೇ ಒಬ್ಬ ಬಾಲಕನ ಬಾಳನ್ನು ತಿರುಗಿಸಿತು. ಗದುಗಿನ ಬಾಲಕ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಝಿಂಝೋಟಿಯ ಠುಮರಿಯನ್ನು ಅಂಗಡಿಯೊಂದರ ಗ್ರಾಮೊಫೋನಿನಲ್ಲಿ ಕೇಳಿ, 1933ರಲ್ಲಿ ತಮ್ಮ ಹನ್ನೊಂದನೆಯ ವಯಸ್ಸಿನಲ್ಲಿ ಗುರುವನ್ನರಸುತ್ತ ಮನೆ ಬಿಟ್ಟು ಹೊರಟರು. ಊರೂರು ಅಲೆದು ಕಡೆಗೆ ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಪಾದವನ್ನು ಸೇರಿದರು. ತಟ್ಟೆಯು ಗುರುವಾಗಲಿಲ್ಲ, ಗುರುವಿನ ಬಾಗಿಲನ್ನು ತೋರಿಸಿತು. ವಚನಗಳನ್ನು ಭಾವತುಂಬಿ ಹಾಡಿದ ಧಾರವಾಡದ ಮಲ್ಲಿಕಾರ್ಜುನ ಮನಸೂರರ ತಾರುಣ್ಯದ ಕಂಠವೂ ಇಂತಹ ತಟ್ಟೆಗಳಲ್ಲಿಯೇ ಉಳಿದುಬಂದಿರುವುದು.

1948ರಲ್ಲಿ ವಿನೈಲಿನ ದೀರ್ಘವಾದನ ತಟ್ಟೆಯು ಬಂದಿತು. ಅರಗಿನ ತಟ್ಟೆಯು ಬಿದ್ದರೆ ಒಡೆಯುವುದು. ಇದು ಅಷ್ಟು ಸುಲಭವಾಗಿ ಒಡೆಯದು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಗಳಿಗೂ ಮಿಕ್ಕು ಹಾಡುವುದು. ಮುಂದೆ ಕ್ಯಾಸೆಟ್ಟೂ, 1982ರಲ್ಲಿ ಸಿ. ಡಿ.ಯೂ ಬಂದಮೇಲೆ ತಟ್ಟೆಗಳು ಅಟ್ಟವನ್ನೂ ಗುಜರಿಯನ್ನೂ ಸೇರಿದವು. ಆದರೆ ಕಾಲಚಕ್ರವು ಮತ್ತೆ ತಿರುಗಿತು. 2022ರಲ್ಲಿ ಅಮೇರಿಕೆಯಲ್ಲಿ 4 ಕೋಟಿ 10 ಲಕ್ಷದಷ್ಟು ವಿನೈಲ್ ತಟ್ಟೆಗಳು ವಿಕ್ರಯವಾಗಿ, 1987ರ ತರುವಾಯ ಮೊದಲ ಸಲ ಸಿ. ಡಿ.ಗಳ ಸಂಖ್ಯೆಯನ್ನು ಮೀರಿದವು.

ಈ ಪುನರುದಯದಲ್ಲಿ ಜೊಳ್ಳೂ ಇರುವುದು, ಕಾಳೂ ಇರುವುದು. ಇಂದಿನ ಎಷ್ಟೋ ಹೊಸ ತಟ್ಟೆಗಳು ಗಣಕಯಂತ್ರದಲ್ಲಿ ಮುದ್ರಿತವಾದ ಧ್ವನಿಯಿಂದಲೇ ತಯಾರಾಗುವವು. ಅವುಗಳನ್ನು ಕೊಳ್ಳುವುದು ಬರಿಯ ಅಭಿರುಚಿಯ ಮಾತು. ಆದರೆ ಬೇರೆಲ್ಲಿಯೂ ಪ್ರತಿಯಿಲ್ಲದ ಹಳೆಯ ತಟ್ಟೆಯ ಮಾತೇ ಬೇರೆ. ಅದು ಒಡೆದರೆ ಒಂದು ಕಂಠವೇ ಶಾಶ್ವತವಾಗಿ ಮೂಕವಾಗುವುದು. 1990ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಭಾರತೀಯ ಧ್ವನಿಮುದ್ರಿಕಾ ಸಂಗ್ರಾಹಕರ ಸಂಘವು ಇಂತಹವುಗಳ ರಕ್ಷಣೆಗಾಗಿ ಶ್ರಮಿಸಿರುವುದು ಸ್ತುತ್ಯವಾದುದು.

ರಕ್ಷಣೆಯ ಕ್ರಮವು ಕಠಿಣವಾದುದಲ್ಲ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಬೇಕು, ಬಿಸಿಲು ತಾಗಗೊಡಬಾರದು. ಸ್ಪಿರಿಟಿನಿಂದ ಒರೆಸಕೂಡದು, ಏಕೆಂದರೆ ಅರಗು ಅದರಲ್ಲಿ ಕರಗುವುದು. ಕೀಲಿ ಕೊಡುವ ಹಳೆಯ ಯಂತ್ರವು ನೋಡಲು ಸುಂದರವಾದರೂ, ಅದರ ಭಾರವೂ ಉಕ್ಕಿನ ಮುಳ್ಳೂ ತಟ್ಟೆಯ ಗೆರೆಗಳನ್ನು ಸವೆಸುವವು. ಆದುದರಿಂದ ಅಪೂರ್ವವಾದ ತಟ್ಟೆಯನ್ನು ಹಗುರಾದ ತೋಳುಳ್ಳ ಯಂತ್ರದಲ್ಲಿ, ಅದರ ಅಗಲವಾದ ಗೆರೆಗೆ ಒಪ್ಪುವ ಮುಳ್ಳಿನಿಂದ, ನುರಿತವರ ಕೈಯಲ್ಲಿ ಒಮ್ಮೆ ನುಡಿಸಿ ಪ್ರತಿ ತೆಗೆಯಿಸುವುದು ಮೇಲು. ವೇಗವು ತಪ್ಪಿದರೆ ಶ್ರುತಿಯೇ ತಪ್ಪುವುದೆಂಬುದನ್ನೂ ಮರೆಯಲಾಗದು.

ಭಕ್ತರ ಮನೆಗಳಲ್ಲಿಯೂ ಮಠಗಳಲ್ಲಿಯೂ ಧೂಳು ಹಿಡಿದಿದ್ದ ಓಲೆಗರಿಗಳನ್ನು ಫ. ಗು. ಹಳಕಟ್ಟಿಯವರು ಅರಸಿ ತಂದು, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸದೆ ಹೋಗಿದ್ದರೆ ನಾವು ಏನನ್ನು ಕಳೆದುಕೊಳ್ಳುತ್ತಿದ್ದೆವೆಂಬುದನ್ನು ಈ ಸಂಚಿಕೆಯ ವಾಚಕರಿಗೆ ಹೇಳಬೇಕಾದುದಿಲ್ಲ. ಓಲೆಗರಿಯಲ್ಲಿ ಅಕ್ಷರವುಳಿದಂತೆ ತಟ್ಟೆಯಲ್ಲಿ ಸ್ವರವುಳಿದಿರುವುದು. ನಮ್ಮ ಅಟ್ಟಗಳಲ್ಲಿ ಅಜ್ಜಂದಿರು ಇಟ್ಟುಹೋದ ತಟ್ಟೆಗಳಿದ್ದರೆ, ಗುಜರಿಯವನಿಗೆ ತೂಗಿ ಕೊಡುವ ಮೊದಲು ಅವುಗಳ ಮೇಲಿನ ಹೆಸರನ್ನೊಮ್ಮೆ ಓದಿ ನೋಡಬೇಕೆಂದು ಸದ್ಭಕ್ತರಲ್ಲಿ ವಿನಂತಿಸಿ ಈ ಲೇಖನವನ್ನು ಮುಗಿಸುವೆನು.