ತಲೆಕಟ್ಟು ಕಳೆದುಕೊಂಡ ಪತ್ರಗಳು

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ, ಅಂದರೆ ವಿಎಸ್‌ಎನ್‌ಎಲ್, ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಸಂಪರ್ಕ ಕೊಡತೊಡಗಿತು. ಅಲ್ಲಿಯವರೆಗೆ ಇಮೇಲ್ ಹೆಚ್ಚಾಗಿ ಎರ್ನೆಟ್ ಜಾಲದ ವಿದ್ಯಾಸಂಸ್ಥೆಗಳ ಒಳಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವುಗಳಲ್ಲೊಂದು. ವಿಎಸ್‌ಎನ್‌ಎಲ್ ಕೊಟ್ಟ ಆರಂಭದ ವಿಳಾಸಗಳಲ್ಲಿ ಊರಿನ ಗುರುತೂ ಸೇರಿರುತ್ತಿತ್ತು: ಬೆಂಗಳೂರಿಗೆ ‘ಬಿಜಿ’, ಮದ್ರಾಸಿಗೆ ‘ಎಂಡಿ’. ಊರು ಬಿಟ್ಟರೆ, ಅಂಚೆಯಲ್ಲಿ ಆಗುವಂತೆಯೇ, ವಿಳಾಸವೂ ಬಿಟ್ಟುಹೋಗುತ್ತಿತ್ತು.

ಪತ್ರಗಳು ಇರುತ್ತಿದ್ದ ಜಾಗವೂ ಬೇರೆ. ಪಾಪ್ ಎಂಬ ವಿಧಾನದಲ್ಲಿ ಮನೆಯ ಕಂಪ್ಯೂಟರ್ ಫೋನ್ ಲೈನಿನ ಮೂಲಕ ಪತ್ರಗಳನ್ನು ಇಳಿಸಿಕೊಳ್ಳುತ್ತಿತ್ತು, ಸಾಮಾನ್ಯವಾಗಿ ಸರ್ವರಿನಲ್ಲಿದ್ದ ಪ್ರತಿಯನ್ನು ಅಳಿಸುತ್ತಿತ್ತು. ಅಂದರೆ ಒಂದು ಪತ್ರಕ್ಕೆ ಇದ್ದದ್ದು ಒಂದೇ ಹಾರ್ಡ್ ಡಿಸ್ಕ್. ನಾವು ಕಳಿಸಿದ ಪತ್ರಗಳ ಪ್ರತಿಯೂ ಅದೇ ಡಿಸ್ಕಿನಲ್ಲಿ. ಕಾಗದದ ಕಾಲದಲ್ಲಿ ಮನೆಯ ಪೆಟ್ಟಿಗೆಯಲ್ಲಿ ಉಳಿಯುತ್ತಿದ್ದದ್ದು ಬಂದ ಪತ್ರ ಮಾತ್ರ. ಬರೆದದ್ದು ಹೋದವರ ಮನೆಯಲ್ಲಿರುತ್ತಿತ್ತು. ಮಾತು ಮತ್ತು ಮರುಮಾತು ಒಂದೇ ಕಡೆ ಕೂಡಿಟ್ಟುಕೊಳ್ಳುವ ಅವಕಾಶ ಸಾಮಾನ್ಯ ಕುಟುಂಬಗಳಿಗೆ ಮೊದಲು ಸಿಕ್ಕಿದ್ದು ಇಮೇಲಿನಲ್ಲಿ. ಕಂಪ್ಯೂಟರ್ ಕೆಟ್ಟರೆ ಎರಡೂ ಒಟ್ಟಿಗೇ ಹೋಗುತ್ತಿದ್ದವು ಎನ್ನುವುದೂ ನಿಜ.

1996ರ ಜುಲೈ 4ರಂದು ಹಾಟ್‌ಮೇಲ್ ಬಂತು. ಬೆಂಗಳೂರಿನಲ್ಲಿ ಶಾಲೆ ಓದಿದ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ ಕಟ್ಟಿದ ಈ ಸೇವೆ ವಿಳಾಸವನ್ನು ಊರಿನಿಂದಲೂ ಕಂಪ್ಯೂಟರಿನಿಂದಲೂ ಬಿಡಿಸಿತು. ಆದರೆ ಅದು ಕೊಡುತ್ತಿದ್ದ ಜಾಗ 2 ಎಂಬಿ. ನಾಲ್ಕು ಫೋಟೊ ಬಂದರೆ ಹಳೆಯ ಪತ್ರ ಅಳಿಸಬೇಕು. 2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಕೊಟ್ಟ ಮೇಲೆಯೇ ‘ಇರಲಿ ಬಿಡು’ ಎಂದು ಎಲ್ಲವನ್ನೂ ಉಳಿಸಿಕೊಳ್ಳುವ ರೂಢಿ ಬಂದದ್ದು. ಹಾಗಾಗಿ 2004ಕ್ಕಿಂತ ಹಿಂದಿನ ಇಮೇಲ್ ನಿಮ್ಮಲ್ಲಿ ಇದೆಯೆಂದರೆ, ಯಾರೋ ಒಬ್ಬರು ಅದನ್ನು ಬೇಕೆಂದೇ ಹೊತ್ತು ತಂದಿದ್ದಾರೆ ಎಂದೇ ಅರ್ಥ.

ಇನ್ನು ಕನ್ನಡದ ಕಥೆ. ಆ ಪತ್ರಗಳಲ್ಲಿ ಕನ್ನಡ ಎರಡು ವೇಷದಲ್ಲಿ ಓಡಾಡಿತು. ಮೊದಲನೆಯದು ಇಂಗ್ಲಿಷ್ ಅಕ್ಷರದ ಕನ್ನಡ. ಬರೆಯಲು ಸುಲಭ, ಆದರೆ ಅದರಲ್ಲಿ ಹಳ್ಳಿಗೂ ಹಲ್ಲಿಗೂ ಒಂದೇ ಕಾಗುಣಿತ. ‘ಮನೆ’ ಎಂದು ಬರೆದರೆ ಕಂಪ್ಯೂಟರಿಗೆ ಅದು ಕುದುರೆಯ ಜೂಲು, ಇಂಗ್ಲಿಷಿನ ‘ಮೇನ್’. ಓದುವವರಿಗೆ ಬರೆದವರ ಮಾತಿನ ಧಾಟಿ ಗೊತ್ತಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಈ ಪತ್ರಗಳು ಎಲ್ಲಿಗೆ ಸಾಗಿಸಿದರೂ ಕೆಡುವುದಿಲ್ಲ.

ಕೆಡುವುದು ಎರಡನೆಯ ವೇಷದ್ದು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದೊಂದಿಗೆ ಸರ್ಕಾರಿ ಕಚೇರಿಗಳಿಗೂ ಮನೆಗಳಿಗೂ ಹರಡಿತು. ಮುದ್ರಣದವರ ಬಳಿ ಶ್ರೀಲಿಪಿಯಂಥವು ಬೇರೆ ಇದ್ದವು. ಯೂನಿಕೋಡ್ 1991ರ ತನ್ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು ನಿಜ. ಆದರೆ ವಿಂಡೋಸ್ ಕನ್ನಡವನ್ನು ತಾನಾಗಿ ತೋರಿಸಲು 2001ರ ಎಕ್ಸ್‌ಪಿ, ಅದರ ಜೊತೆಗಿನ ತುಂಗಾ ಫಾಂಟ್ ಬರಬೇಕಾಯಿತು. ಆ ನಡುವಿನ ವರ್ಷಗಳಲ್ಲಿ, ಎಷ್ಟೋ ಕಡೆ ಅದಾದ ಮೇಲೂ, ಕನ್ನಡ ನಡೆದದ್ದು ಒಂದು ಉಪಾಯದಿಂದ: ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವುದು.

‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಯೂನಿಕೋಡಿನಲ್ಲಿ ಅದಕ್ಕೆ ಐದು ಸಂಕೇತ: ಕ, ನ, ವಿರಾಮ, ನ, ಡ. ನುಡಿಯ ಹಳೆಯ ಫಾಂಟಿನಲ್ಲಿ ಏಳು. ಏಕೆಂದರೆ ಅಲ್ಲಿ ಲೆಕ್ಕಕ್ಕಿರುವುದು ಅಕ್ಷರವಲ್ಲ, ಅದರ ತುಂಡುಗಳು. ಕಕಾರದ ಒಡಲು ಒಂದು, ತಲೆಕಟ್ಟು ಇನ್ನೊಂದು, ನಕಾರದ ಒಡಲು, ಮತ್ತೆ ತಲೆಕಟ್ಟು, ನ ಒತ್ತು, ಡಕಾರದ ಒಡಲು, ಮತ್ತೊಮ್ಮೆ ತಲೆಕಟ್ಟು. ಫಾಂಟ್ ತೆಗೆದರೆ ಕಕಾರದ ಒಡಲಿನ ಜಾಗದಲ್ಲಿ ಇಂಗ್ಲಿಷಿನ ‘ಪಿ’, ನಕಾರದ ಜಾಗದಲ್ಲಿ ಪೌಂಡ್ ನಾಣ್ಯದ ಗುರುತು, ಒತ್ತಿನ ಜಾಗದಲ್ಲಿ ಒಂದು ಜರ್ಮನ್ ಅಕ್ಷರ, ತಲೆಕಟ್ಟಿನ ಜಾಗದಲ್ಲೆಲ್ಲ ನೆತ್ತಿಯ ಮೇಲೆ ಗೀರು ಹೊತ್ತ ‘ಎ’ ಕಾಣುತ್ತವೆ.

ಹಳೆಯ ಪೆಟ್ಟಿಗೆಯನ್ನು ಹೊಸ ಕಂಪ್ಯೂಟರಿಗೆ ಸಾಗಿಸಿದವರು ನೋಡುವುದು ಇದನ್ನೇ. ಇಲ್ಲಿ ಹೊಸ ಯಂತ್ರದ ತಪ್ಪಿಲ್ಲ. ಇಂಥ ಎಷ್ಟೋ ಪತ್ರಗಳ ತಲೆಬರಹದಲ್ಲೇ ‘ಇದು ಪಶ್ಚಿಮ ಯೂರೋಪಿನ ಲಿಪಿ’ ಎಂಬ ಚೀಟಿ ಅಂಟಿರುತ್ತದೆ. ಯಂತ್ರ ಚೀಟಿಯನ್ನು ನಂಬುತ್ತದೆ. ಆ ಪೆಟ್ಟಿಗೆಯಲ್ಲಿ ‘ಅಮ್ಮ’ ಎಂದು ಹುಡುಕಿದರೆ ಅಮ್ಮನ ಒಂದು ಪತ್ರವೂ ಸಿಗುವುದಿಲ್ಲ. ಆದರೂ ಈ ಸ್ಥಿತಿಯಲ್ಲಿ ಪತ್ರ ಬದುಕಿದೆ. ಯಾವ ಫಾಂಟ್ ಎಂದು ಗೊತ್ತಾದರೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ತರಬಹುದು.

ನಿಜವಾಗಿ ನಷ್ಟವಾಗುವ ದಾರಿಗಳು ಬೇರೆ. 1982ರಲ್ಲಿ ರೂಪಿಸಿದ ಇಮೇಲ್ ಸಾಗಣೆಯ ನಿಯಮ ಏಳು ಬಿಟ್ಟಿನ ಸಂಕೇತಗಳಿಗಷ್ಟೇ ಸಜ್ಜಾಗಿತ್ತು. ಎಂಟನೆಯ ಬಿಟ್ ಇರುವುದನ್ನು ಸುರಕ್ಷಿತವಾಗಿ ಸಾಗಿಸಲು 1992ರಲ್ಲಿ ಮೈಮ್ ಎಂಬ ಏರ್ಪಾಡು ಬಂತು. ಅದನ್ನು ಪಾಲಿಸದ ಸರ್ವರ್ ದಾರಿಯಲ್ಲಿ ಸಿಕ್ಕಿ ಎಂಟನೆಯ ಬಿಟ್ ಕತ್ತರಿಸಿದರೆ, ತಲೆಕಟ್ಟಿನ ಸಂಕೇತವಾದ 192 ಕುಗ್ಗಿ 64 ಆಗುತ್ತದೆ. 64 ಎಂದರೆ ಇಮೇಲ್ ವಿಳಾಸದ ನಡುವೆ ಬರುವ ‘ಅಟ್’ ಚಿಹ್ನೆ. ಪತ್ರದ ತುಂಬ ಆ ಚಿಹ್ನೆ ಕಂಡರೆ ಅವು ಕಳಚಿದ ತಲೆಕಟ್ಟುಗಳು ಎಂದು ತಿಳಿಯಬಹುದು. ಇದಕ್ಕಿಂತ ಕೆಟ್ಟದ್ದು ಇಂದಿನ ಕಾಲದ್ದು. ಸಾಗಿಸುವ ತಂತ್ರಾಂಶ ಹಳೆಯ ಪತ್ರವನ್ನು ಯೂನಿಕೋಡ್ ಎಂದೇ ಭಾವಿಸಿ ಓದಿದರೆ, ಅರ್ಥವಾಗದ ಪ್ರತಿ ಸಂಕೇತದ ಜಾಗದಲ್ಲೂ ಕರಿ ವಜ್ರದೊಳಗಿನ ಪ್ರಶ್ನೆಚಿಹ್ನೆ ಇಡುತ್ತದೆ. ತಲೆಕಟ್ಟು, ಒತ್ತು, ನಕಾರ ಎಲ್ಲವೂ ಒಂದೇ ಚಿಹ್ನೆ. ಆ ಪ್ರತಿಯನ್ನು ಉಳಿಸಿ ಮೂಲವನ್ನು ಅಳಿಸಿದರೆ ಮತ್ತೆ ತರುವ ಉಪಾಯವಿಲ್ಲ.

ಶಂಶಾಬಾದಿನ ನನ್ನ ಮೇಜಿಗೆ ಅನುವಾದಕ್ಕೆ ಬರುವ ಹಳೆಯ ಕಡತಗಳಲ್ಲಿ ಈ ಮೂರೂ ಬಗೆಯವು ಸಿಗುತ್ತವೆ. ಸುತ್ತ ತೆಲುಗು ಮತ್ತು ದಖನಿ ಇರುವ ಇಲ್ಲಿ, ಇಂಥದೇ ಬೇರೆ ಊರುಗಳಲ್ಲಿ, ಕನ್ನಡಿಗರು ಕನ್ನಡ ಬರೆಯುವ ಸಂದರ್ಭಗಳು ಕಡಿಮೆ. ಊರಿಗೆ ಬರೆದ ಪತ್ರ ಅಂಥದ್ದೊಂದು. ಮನೆಯಲ್ಲಿ ಆಡುವ ಕನ್ನಡ ಬರಹಕ್ಕೆ ಇಳಿದ ಇಂಥ ಮಾದರಿ ಪುಸ್ತಕಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಇವು ಅಳಿದರೆ ಒಂದು ತಲೆಮಾರಿನ ಬರಹದ ಕನ್ನಡ ಹೇಗಿತ್ತು ಎಂಬುದರ ದೊಡ್ಡ ಸಾಕ್ಷಿಯೂ ಅಳಿಯುತ್ತದೆ.

ಕಾಲಾವಕಾಶವೂ ಧಾರಾಳವಾಗಿಲ್ಲ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನೀತಿಯನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ತೀರಿಕೊಂಡ ತಂದೆಯ ಖಾತೆ ಸುಮ್ಮನೆ ಇದ್ದೇ ಇರುತ್ತದೆ ಎಂದುಕೊಳ್ಳುವಂತಿಲ್ಲ. ಸಾಗಿಸುವಾಗ ಪತ್ರವನ್ನು ಹೊಸ ವಿಳಾಸಕ್ಕೆ ಫಾರ್ವರ್ಡ್ ಮಾಡಿದರೆ ಕಳಿಸಿದವರ ಹೆಸರು, ತಾರೀಖು ಬದಲಾಗುತ್ತವೆ. ಐಮ್ಯಾಪ್ ಮೂಲಕ ಇಡೀ ಪತ್ರವನ್ನೇ ಸರಿಸುವುದು, ಅಥವಾ ಎಂಬಾಕ್ಸ್ ಕಡತವಾಗಿ ಇಳಿಸಿಕೊಳ್ಳುವುದು ಲೇಸು. ಪರಿವರ್ತನೆಯನ್ನು ಒಂದು ನಕಲಿನ ಮೇಲೆ ಮಾಡಿ, ಮೂಲವನ್ನು ಮುಟ್ಟದೆ ಬಿಡಬೇಕು. ಹಳೆಯ ಕಂಪ್ಯೂಟರನ್ನು ಗುಜರಿಗೆ ಕೊಡುವ ಮೊದಲು ಅದರಲ್ಲಿನ ಫಾಂಟ್‌ಗಳನ್ನೂ ಪತ್ರಗಳ ಜೊತೆಗೇ ನಕಲು ಮಾಡಿಟ್ಟುಕೊಳ್ಳಬೇಕು.

ಓಲೆಗರಿ ಶಿಥಿಲವಾದಾಗ ಲಿಪಿಕಾರರು ಹೊಸ ಗರಿಗೆ ಪ್ರತಿ ಮಾಡುತ್ತಿದ್ದರು. ಅವರಿಂದ ತಪ್ಪುಗಳಾದವು, ಆದರೆ ಅವರು ಓದುತ್ತಾ ಬರೆದರು. ಕಂಪ್ಯೂಟರ್ ಹತ್ತು ಸಾವಿರ ಪತ್ರಗಳನ್ನು ಒಂದು ಗಂಟೆಯಲ್ಲಿ ಸಾಗಿಸಿ ‘ಮುಗಿಯಿತು’ ಎನ್ನುತ್ತದೆ, ಒಂದನ್ನೂ ಓದಿರುವುದಿಲ್ಲ. ಮೂಲವನ್ನು ಅಳಿಸುವ ಮೊದಲು ಹತ್ತಿಪ್ಪತ್ತು ಪತ್ರಗಳನ್ನಾದರೂ, ಬೇರೆ ಬೇರೆ ವರ್ಷದವನ್ನು, ನಾವೇ ತೆರೆದು ಓದಿ ನೋಡಬೇಕು.