ಪೋಪರಿಂಗೆಯ ತೆರೆದ ಬಾಗಿಲು

ಯುದ್ಧಗಳ ಚರಿತ್ರೆಯನ್ನು ಬರೆಯುವವರು ಸೇನಾಪತಿಗಳ ಹೆಸರುಗಳನ್ನೂ ಗೆದ್ದ ಊರುಗಳನ್ನೂ ಮಡಿದವರ ಸಂಖ್ಯೆಯನ್ನೂ ತಪ್ಪದೆ ದಾಖಲಿಸುತ್ತಾರೆ. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿದ್ದ ಸಾಮಾನ್ಯ ಸಿಪಾಯಿಗೆ ಒಂದು ಲೋಟ ಚಹಾ ಕೊಟ್ಟವರು ಯಾರು, ಅವನನ್ನು ಕುರ್ಚಿಯಲ್ಲಿ ಕೂರಿಸಿ ಹೆಸರು ಹಿಡಿದು ಮಾತನಾಡಿಸಿದವರು ಯಾರು ಎಂಬ ಸಂಗತಿ ಆ ಪುಟಗಳಲ್ಲಿ ಅಪರೂಪ. ಬೆಲ್ಜಿಯಂ ದೇಶದ ಪೋಪರಿಂಗೆ ಎಂಬ ಚಿಕ್ಕ ಪಟ್ಟಣದಲ್ಲಿ ಅಂಥ ಸೇವೆಗಾಗಿಯೇ ತೆರೆದ ಒಂದು ಮನೆಯಿದೆ. ಅದರ ಹೆಸರು ಟಾಲ್ಬಟ್ ಹೌಸ್. ನೂರು ವರ್ಷಗಳಿಗೂ ಹಿಂದಿನ ಅದರ ಕಥೆ, ಸೇವೆಯ ಕುರಿತು ಯೋಚಿಸುವ ಸಭೆಗಳಿಗೆ ಇಂದಿಗೂ ಹೇಳುವ ಮಾತೊಂದಿದೆ.

ಮೊದಲನೆಯ ಮಹಾಯುದ್ಧವು 1914ರಲ್ಲಿ ಆರಂಭವಾದಾಗ, ಬೆಲ್ಜಿಯಂನ ಬಹುಪಾಲು ನೆಲ ಜರ್ಮನ್ ಸೈನ್ಯದ ವಶವಾಯಿತು. ಪಶ್ಚಿಮದ ಅಂಚಿನಲ್ಲಿದ್ದ ಈಪ್ರ್ ಎಂಬ ಪ್ರಾಚೀನ ನಗರವನ್ನು ಮಾತ್ರ ಬ್ರಿಟಿಷರೂ ಅವರ ಮಿತ್ರರೂ ಕಡೆಯವರೆಗೂ ಬಿಟ್ಟುಕೊಡಲಿಲ್ಲ. ನಾಲ್ಕು ವರ್ಷಗಳ ಕಾಲ ಆ ನಗರದ ಸುತ್ತಲಿನ ಕೆಸರಿನಲ್ಲಿ ನಡೆದ ಕಾಳಗಗಳು ನಗರವನ್ನೇ ಕಲ್ಲಿನ ರಾಶಿಯಾಗಿ ಮಾಡಿದವು. ಅಲ್ಲಿಂದ ಸುಮಾರು ಹನ್ನೆರಡು ಕಿಲೋಮೀಟರ್ ಹಿಂದಕ್ಕೆ, ಬಿಯರ್ ತಯಾರಿಕೆಗೆ ಬೇಕಾದ ಹಾಪ್ ಬಳ್ಳಿಗಳನ್ನು ಬೆಳೆಯುವ ನಾಡಿನಲ್ಲಿ ಪೋಪರಿಂಗೆ ಇತ್ತು. ರೈಲು ಅಲ್ಲಿಯವರೆಗೆ ಬರುತ್ತಿತ್ತು. ಕಂದಕಗಳಿಗೆ ಹೋಗುವವರೂ ಅಲ್ಲಿಂದ ಬದುಕಿ ಬರುವವರೂ ಈ ಪಟ್ಟಣವನ್ನು ಹಾದೇ ಹೋಗಬೇಕಿತ್ತು. ಹೀಗೆ ಲಕ್ಷಾಂತರ ಸೈನಿಕರು ಅದರ ಬೀದಿಗಳನ್ನು ತುಳಿದರು. ಕೈಯಲ್ಲಿ ಒಂದಿಷ್ಟು ಸಂಬಳ, ಮನಸ್ಸಿನಲ್ಲಿ ನಾಳೆಯ ಭಯ. ಹೋಗಲು ಮದ್ಯದಂಗಡಿಗಳನ್ನೂ ಅದಕ್ಕಿಂತ ಕೆಟ್ಟ ಸ್ಥಳಗಳನ್ನೂ ಬಿಟ್ಟರೆ ಹೆಚ್ಚೇನೂ ಇರಲಿಲ್ಲ.

1915ರ ಶರತ್ಕಾಲದಲ್ಲಿ ಫಿಲಿಪ್ ಕ್ಲೇಟನ್ ಎಂಬ ಆಂಗ್ಲಿಕನ್ ಗುರುಗಳು ಸೇನಾ ಚಾಪ್ಲಿನ್ ಆಗಿ ಫ್ರಾನ್ಸಿಗೆ ಬಂದರು. ಕುಳ್ಳು ದೇಹ, ದುಂಡು ಮುಖ, ಗಂಭೀರ ಕಂಠ. ಮೈಕಟ್ಟಿನಿಂದಲೇ 'ಟಬ್ಬಿ', ಅಂದರೆ ಗುಂಡಣ್ಣ ಎಂಬ ಅಡ್ಡಹೆಸರು ಅವರಿಗೆ ಅಂಟಿಕೊಂಡಿತ್ತು. ಹಿರಿಯ ಚಾಪ್ಲಿನ್ ಆಗಿದ್ದ ನೆವಿಲ್ ಟಾಲ್ಬಟ್ ಅವರು ಪೋಪರಿಂಗೆಯಲ್ಲಿ ಸೈನಿಕರಿಗೊಂದು ವಿಶ್ರಾಂತಿಯ ಮನೆ ಮಾಡುವ ಕೆಲಸವನ್ನು ಇವರಿಗೆ ಒಪ್ಪಿಸಿದರು. ಮಾರಿಸ್ ಕೂವೂಟ್ ಎಂಬ ಹಾಪ್ ವ್ಯಾಪಾರಿಯ ದೊಡ್ಡ ಮನೆಯೊಂದು ಶೆಲ್ ಬಿದ್ದು ಹಿಂಭಾಗದಲ್ಲಿ ಹಾನಿಗೊಂಡು ಖಾಲಿಯಾಗಿತ್ತು. ತಿಂಗಳಿಗೆ 150 ಫ್ರಾಂಕ್ ಬಾಡಿಗೆಗೆ ಅದು ದೊರೆಯಿತು. 1915ರ ಡಿಸೆಂಬರ್ 11ರಂದು, ಕ್ಲೇಟನ್ನರಿಗೆ ಮೂವತ್ತು ವರ್ಷ ತುಂಬುವುದಕ್ಕೆ ಒಂದು ದಿನ ಮುಂಚೆ, ಆ ಮನೆಯ ಬಾಗಿಲು ತೆರೆಯಿತು.

ಮನೆಗೆ ಇಟ್ಟ ಹೆಸರಿನ ಹಿಂದೆ ಒಂದು ದುಃಖವಿತ್ತು. ನೆವಿಲ್ ಟಾಲ್ಬಟ್ ಅವರ ತಮ್ಮ ಗಿಲ್ಬರ್ಟ್, ಅದೇ ವರ್ಷದ ಜುಲೈ 30ರಂದು ಈಪ್ರ್ ಸಮೀಪದ ಹೂಗೆ ಎಂಬಲ್ಲಿ ಗುಂಡೇಟಿಗೆ ಬಲಿಯಾಗಿದ್ದನು. ಆಗ ಅವನಿಗೆ ಇಪ್ಪತ್ತಮೂರು ವರ್ಷ. ತಂದೆ ಎಡ್ವರ್ಡ್ ಟಾಲ್ಬಟ್ ವಿಂಚೆಸ್ಟರಿನ ಬಿಷಪರು. ಅಣ್ಣನು ಗುಂಡುಗಳ ನಡುವೆಯೇ ತೆವಳಿಕೊಂಡು ಹೋಗಿ ತಮ್ಮನ ದೇಹವನ್ನು ಹುಡುಕಿದನು. ಆ ಯುವಕನ ಹೆಸರಿನಲ್ಲಿ ತೆರೆದ ಮನೆಯೇ ಟಾಲ್ಬಟ್ ಹೌಸ್. ಸಂಕೇತ ಕಳುಹಿಸುವ ಸೈನಿಕರು 'ಟಿ' ಅಕ್ಷರವನ್ನು 'ಟಾಕ್' ಎಂದು ಉಚ್ಚರಿಸುತ್ತಿದ್ದುದರಿಂದ, ಮನೆಯ ಹೆಸರಿನ ಮೊದಲಕ್ಷರಗಳು 'ಟಾಕ್ ಎಚ್' ಎಂದಾಗಿ ಸಿಪಾಯಿಗಳ ಬಾಯಲ್ಲಿ ನಿಂತವು. ತನ್ನ ದುಃಖವನ್ನು ಸಮಾಧಿಯ ಕಲ್ಲಿನಲ್ಲಿ ಮಾತ್ರ ಕೊರೆಯಿಸದೆ, ಮಕ್ಕಳನ್ನು ದೂರಕ್ಕೆ ಕಳುಹಿಸಿದ ಇತರ ಕುಟುಂಬಗಳ ಪಾಲಿಗೆ ಆಸರೆಯಾಗುವಂತೆ ಒಂದು ಕುಟುಂಬ ಮಾಡಿತು. ಈ ಮನೆಯ ಅಡಿಪಾಯ ಇಂಥದ್ದು.

ಒಳಗೆ ನಡೆಯುತ್ತಿದ್ದ ಕೆಲಸಗಳನ್ನು ಪಟ್ಟಿಮಾಡಿದರೆ ಅವೆಲ್ಲ ಸಣ್ಣವೇ. ಚಹಾ, ಪತ್ರ ಬರೆಯಲು ಮೇಜು, ಪಿಯಾನೋ, ಚೆಸ್ ಮಣೆ, ಹಿತ್ತಲಲ್ಲಿ ಒಂದು ತೋಟ. ತೋಟಕ್ಕೆ ಬಂದು ಯುದ್ಧವನ್ನು ಮರೆಯಿರಿ ಎಂದು ಕರೆಯುವ ಫಲಕವೊಂದಿತ್ತು. ನಿರಾಶಾವಾದಿಗಳಿಗೆ ಹೊರಹೋಗುವ ದಾರಿಯನ್ನು ತೋರಿಸುವ ಇನ್ನೊಂದು ಫಲಕ ಬೀದಿಬಾಗಿಲ ಬಳಿ ಇತ್ತು. ಗ್ರಂಥಾಲಯದಿಂದ ಪುಸ್ತಕ ಪಡೆಯುವವನು ತನ್ನ ಸೈನಿಕ ಟೋಪಿಯನ್ನು ಒತ್ತೆಯಿಡಬೇಕಿತ್ತು. ಟೋಪಿಯಿಲ್ಲದೆ ಬೀದಿಗಿಳಿದರೆ ಶಿಕ್ಷೆ ಖಂಡಿತ. ಆದ್ದರಿಂದ ಪುಸ್ತಕಗಳು ತಪ್ಪದೆ ಹಿಂದಿರುಗುತ್ತಿದ್ದವು! ರಜೆಯ ರೈಲಿಗಾಗಿ ಕಾಯುತ್ತ ರಾತ್ರಿ ತಂಗುವ ಅಧಿಕಾರಿಗಳಿಂದ ಹಣ ಪಡೆದು, ಆ ಹಣದಿಂದ ಸಾಮಾನ್ಯ ಸಿಪಾಯಿಗಳ ಸತ್ಕಾರ ನಡೆಸುವುದು ಕ್ಲೇಟನ್ನರ ಲೆಕ್ಕಾಚಾರ.

'ಸ್ನೇಹದ ಮೂಲೆ' ಎಂಬ ಸ್ಥಳವೊಂದು ಆ ಮನೆಯಲ್ಲಿತ್ತು. ಅಣ್ಣ ತಮ್ಮಂದಿರನ್ನು, ಒಂದೇ ಊರಿನವರನ್ನು, ಶಾಲೆಯ ಗೆಳೆಯರನ್ನು ಯುದ್ಧವು ಬೇರೆಬೇರೆ ದಳಗಳಿಗೆ ಚದುರಿಸಿತ್ತು. ಒಬ್ಬನು ಇನ್ನೊಬ್ಬನಿಂದ ಎರಡೇ ಮೈಲಿ ದೂರದಲ್ಲಿದ್ದರೂ ಅದು ತಿಳಿಯುವ ದಾರಿಯಿರಲಿಲ್ಲ. ಈ ಮೂಲೆಯಲ್ಲಿ ಸೈನಿಕರು ತಮ್ಮ ಹೆಸರನ್ನೂ ತಾವು ಹುಡುಕುತ್ತಿರುವವರ ಹೆಸರನ್ನೂ ಬರೆದು ಹೋಗುತ್ತಿದ್ದರು. ಮುಂದೆ ಬಂದವನು ಅದನ್ನು ಓದುತ್ತಿದ್ದನು. ಸೈನ್ಯವು ಮನುಷ್ಯನಿಗೆ ಒಂದು ಸಂಖ್ಯೆ ಕೊಡುತ್ತದೆ. ಈ ಗೋಡೆಯ ಮೇಲೆ ಅವನು ಮತ್ತೆ ಯಾರದೋ ತಮ್ಮನೂ ಯಾರದೋ ನೆರೆಯವನೂ ಆಗುತ್ತಿದ್ದನು.

ಕ್ಲೇಟನ್ನರ ಸ್ವಂತ ಕೊಠಡಿಯ ಬಾಗಿಲಿನ ಮೇಲಿದ್ದ ಬರಹ, ಒಳಗೆ ಬರುವವರು ತಮ್ಮ ಪದವಿಯನ್ನು ಹೊರಗೇ ಬಿಟ್ಟು ಬರಬೇಕೆಂದು ಹೇಳುತ್ತಿತ್ತು. ಸೈನ್ಯವೆಂದರೆ ಪದವಿಯೇ ಉಸಿರಾಗಿರುವ ವ್ಯವಸ್ಥೆ. ಸೇನಾಪತಿಯೂ ಸಿಪಾಯಿಯೂ ಒಂದೇ ಚಾವಡಿಯಲ್ಲಿ ಪಕ್ಕಪಕ್ಕದಲ್ಲಿ ಚಹಾ ಕುಡಿಯುವುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಚಾಪ್ಲಿನ್‌ರ ಬಲಗೈಯಾಗಿ ಮನೆಯನ್ನು ನೋಡಿಕೊಂಡವನು ಆರ್ಥರ್ ಪೆಟಿಫರ್ ಎಂಬ ವಯಸ್ಸಾದ ಸಾಮಾನ್ಯ ಸಿಪಾಯಿ. ಅವನನ್ನು ಎಲ್ಲರೂ ಪ್ರೀತಿಯಿಂದ 'ಜೆನ್', ಅಂದರೆ ಜನರಲ್ ಎಂದೇ ಕರೆಯುತ್ತಿದ್ದರು. ದೊಡ್ಡವನಾಗಬೇಕೆಂದಿರುವವನು ಸೇವಕನಾಗಬೇಕೆಂಬ ಕರ್ತನ ಬೋಧನೆಗೆ ಇದಕ್ಕಿಂತ ನಗುಮುಖದ ವ್ಯಾಖ್ಯಾನ ಸಿಗುವುದು ಕಷ್ಟ.

ಮನೆಯ ತುತ್ತತುದಿಯಲ್ಲಿ, ಹಾಪ್ ಒಣಗಿಸುವ ಅಟ್ಟದಲ್ಲಿ, ಪ್ರಾರ್ಥನಾಲಯವಿತ್ತು. ಅಲ್ಲಿಗೆ ಏಣಿಯಂತೆ ಕಡಿದಾದ ಮೆಟ್ಟಿಲುಗಳನ್ನು ಹತ್ತಿ ಹೋಗಬೇಕು. ಯೆರೂಸಲೇಮಿನ ಮೇಲಂತಸ್ತಿನ ಕೊಠಡಿಯ ನೆನಪಿನಿಂದ ಅದಕ್ಕೂ ಅದೇ ಹೆಸರು ಬಂದಿತು. ಬಲಿಪೀಠಕ್ಕೆ ಬೇಕಾದ ಮೇಜನ್ನು ಹುಡುಕುತ್ತಿದ್ದಾಗ ತೋಟದ ಕೊಟ್ಟಿಗೆಯಲ್ಲಿ ಹಳೆಯದೊಂದು ಬಡಗಿಯ ಹಲಗೆಮೇಜು ಸಿಕ್ಕಿತು. ನಜರೇತಿನ ಬಡಗಿಯ ಭೋಜನಕ್ಕೆ ಅದಕ್ಕಿಂತ ತಕ್ಕ ಮೇಜು ಬೇರೆ ಬೇಕಿರಲಿಲ್ಲ. ಸಾವಿರಾರು ಸೈನಿಕರು ಅದರ ಮುಂದೆ ಮೊಣಕಾಲೂರಿ ಪವಿತ್ರ ಸಂಸ್ಕಾರವನ್ನು ಸ್ವೀಕರಿಸಿದರು. ಅನೇಕರಿಗೆ ಅದೇ ಕೊನೆಯದಾಯಿತು. ಆದರೆ ಅಟ್ಟವನ್ನು ಹತ್ತಲೇಬೇಕೆಂಬ ನಿರ್ಬಂಧ ಯಾರಿಗೂ ಇರಲಿಲ್ಲ. ಕೆಳಗಡೆ ಚಹಾ ಕುಡಿದು ಪಿಯಾನೋ ನುಡಿಸಿ ಹೊರಟುಹೋದವನಿಗೂ ಅಷ್ಟೇ ಆದರ ದೊರೆಯುತ್ತಿತ್ತು.

ಇಲ್ಲಿ ನಾವು ಎದುರಿಸಬೇಕಾದ ಕಠಿಣ ಪ್ರಶ್ನೆಯೊಂದಿದೆ. ಈ ಮನೆಯಲ್ಲಿ ದಣಿವಾರಿಸಿಕೊಂಡ ಯುವಕರು ಮರುದಿನ ಹಿಂದಿರುಗಿದ್ದು ಕೊಲ್ಲುವುದಕ್ಕೂ ಸಾಯುವುದಕ್ಕೂ ತಾನೇ? ಹಾಗಾದರೆ ಈ ಸೇವೆ ಯುದ್ಧದ ಯಂತ್ರಕ್ಕೆ ಎಣ್ಣೆ ಹಾಕಿದಂತಾಗಲಿಲ್ಲವೇ? ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಟಾಲ್ಬಟ್ ಹೌಸಿನಿಂದ ಕೆಲವೇ ನಿಮಿಷ ನಡೆದರೆ ಪಟ್ಟಣದ ಪುರಭವನ. ಕಂದಕ ಬಿಟ್ಟು ಓಡಿಹೋದ ಅಪರಾಧಕ್ಕಾಗಿ ಮರಣದಂಡನೆಗೆ ಗುರಿಯಾದ ಸೈನಿಕರನ್ನು ಅವರ ಕೊನೆಯ ರಾತ್ರಿ ಅಲ್ಲಿನ ಕತ್ತಲಕೋಣೆಗಳಲ್ಲಿ ಇರಿಸುತ್ತಿದ್ದರು. ಬೆಳಗಾಗುವಾಗ ತಮ್ಮದೇ ಸೈನ್ಯದ ಗುಂಡಿಗೆ ಅವರು ಬಲಿಯಾಗುತ್ತಿದ್ದರು. ಆ ಕೋಣೆಗಳು ಇಂದಿಗೂ ಉಳಿದಿವೆ. ಒಂದೇ ಪಟ್ಟಣದಲ್ಲಿ ಆ ಕೋಣೆಯೂ ಇತ್ತು, ಈ ಅಟ್ಟವೂ ಇತ್ತು.

ಟಾಲ್ಬಟ್ ಹೌಸ್ ಯುದ್ಧವನ್ನು ನಿಲ್ಲಿಸಲಿಲ್ಲ. ನಿಲ್ಲಿಸುವ ಬಲವೂ ಅದಕ್ಕಿರಲಿಲ್ಲ. ಆದರೆ ಯುದ್ಧವು ಮನುಷ್ಯನಿಗೆ ಮಾಡುತ್ತಿದ್ದ ಒಂದು ಅನ್ಯಾಯವನ್ನು ತನ್ನ ಹೊಸ್ತಿಲೊಳಗೆ ಅದು ಬಿಟ್ಟುಕೊಳ್ಳಲಿಲ್ಲ. ಅವನನ್ನು ಬಳಸಿ ಬಿಸಾಡುವ ವಸ್ತುವಾಗಿ ಕಾಣಲು ಅದು ಒಪ್ಪಲಿಲ್ಲ. ಸೇವೆ ಮಾಡುವವರು ಲೋಕದ ಕೇಡನ್ನೆಲ್ಲ ತೊಡೆದುಹಾಕುವವರೆಗೆ ಕಾದು ಕುಳಿತರೆ, ಬಾಗಿಲಲ್ಲಿ ನಿಂತಿರುವ ಬಾಯಾರಿದವನಿಗೆ ನೀರು ಕೊಡುವವರು ಯಾರು? ಶಾಂತಿಗಾಗಿ ಪ್ರಾರ್ಥಿಸುವುದೂ ಶ್ರಮಿಸುವುದೂ ನಮ್ಮ ಕರ್ತವ್ಯ. ಅದರ ಜೊತೆಗೆ ನೀರು ಕೊಡುವುದೂ ಕರ್ತವ್ಯವೇ.

ಆ ರಣರಂಗದೊಡನೆ ನಮ್ಮ ದೇಶಕ್ಕೂ ನಂಟಿದೆ. ಟಾಲ್ಬಟ್ ಹೌಸ್ ತೆರೆಯುವುದಕ್ಕೆ ಮೊದಲೇ, 1914ರ ಸೆಪ್ಟೆಂಬರ್ ಕೊನೆಯಿಂದ ಭಾರತೀಯ ಸೈನಿಕರು ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯತೊಡಗಿ, ಮುಂದಿನ ತಿಂಗಳೇ ಈಪ್ರ್ ಸುತ್ತಲ ಕಾಳಗದಲ್ಲಿ ತೊಡಗಿದ್ದರು. 1914ರ ಅಕ್ಟೋಬರ್ 31ರಂದು ಹೋಲೆಬೆಕೆ ಎಂಬಲ್ಲಿ ತೋರಿದ ಶೌರ್ಯಕ್ಕಾಗಿ ಖುದಾದಾದ್ ಖಾನ್ ವಿಕ್ಟೋರಿಯಾ ಕ್ರಾಸ್ ಪಡೆದನು. 1915ರ ಏಪ್ರಿಲಿನಲ್ಲಿ ವಿಷಾನಿಲದ ದಾಳಿಯ ಬೆನ್ನಿಗೇ ಲಾಹೋರ್ ಡಿವಿಷನ್ನಿನವರು ಅದೇ ನೆಲದಲ್ಲಿ ಹೋರಾಡಿದರು. ಸಮಾಧಿಯೂ ದೊರೆಯದೆ ಹೋದ 54 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಕೆತ್ತಿರುವ ಈಪ್ರ್‌ನ ಮೆನಿನ್ ಗೇಟ್ ಸ್ಮಾರಕದಲ್ಲಿ ಭಾರತೀಯರ ಹೆಸರುಗಳೂ ಇವೆ.

ಆ ಸೈನಿಕರ ಜೊತೆಗೆ ಭಾರತದ ವೈ.ಎಂ.ಸಿ.ಎ. ಸಂಸ್ಥೆಯ ಸೇವಕರೂ ಫ್ರಾನ್ಸಿಗೆ ಹೋದರು. ಅವರಲ್ಲಿ ಲಾಹೋರಿನ ವೈದ್ಯರಾದ ಎಸ್. ಕೆ. ದತ್ತ ಒಬ್ಬರು. ಸೇಲಂನಲ್ಲಿ ಹುಟ್ಟಿದ ಕೆ. ಟಿ. ಪಾಲ್ ಅವರು 1916ರಲ್ಲಿ ಭಾರತದ ವೈ.ಎಂ.ಸಿ.ಎ.ಯ ಪ್ರಧಾನ ಕಾರ್ಯದರ್ಶಿಯಾದ ಮೊದಲ ಭಾರತೀಯರು. ಸಂಸ್ಥೆಯ ಸೇವೆ ಫ್ರಾನ್ಸಿನಿಂದ ಮೆಸೊಪೊಟೇಮಿಯದವರೆಗೂ ಹಬ್ಬಿತು. ಗುಡಾರಗಳಲ್ಲಿಯೂ ಮರದ ಕೊಟ್ಟಿಗೆಗಳಲ್ಲಿಯೂ ಸಿಖ್ಖರು, ಮುಸಲ್ಮಾನರು, ಹಿಂದೂಗಳು ಬಂದು ಕೂರುತ್ತಿದ್ದರು. ಅಕ್ಷರ ಬಾರದ ಸಿಪಾಯಿಗಳಿಗೆ ಊರಿಗೆ ಕಾಗದ ಬರೆದುಕೊಡುವುದು ಅಲ್ಲಿಯ ಮುಖ್ಯ ಸೇವೆಗಳಲ್ಲೊಂದು. ಈ ಸೈನಿಕರಿಗೆ ಧರ್ಮಪ್ರಚಾರ ಮಾಡಕೂಡದೆಂಬ ಷರತ್ತಿನ ಮೇಲೆ ಸಂಸ್ಥೆಗೆ ಅನುಮತಿ ದೊರೆತಿತ್ತು. ಕ್ರಿಸ್ತನ ಹೆಸರಿನಲ್ಲಿ ಹೊರಟವರು ಆ ಹೆಸರನ್ನು ಉಚ್ಚರಿಸದೆಯೇ ಸೇವೆ ಮಾಡಬೇಕಾಯಿತು. ಇದನ್ನು ಕೆಲವರು ಸೋಲೆಂದು ಭಾವಿಸಬಹುದು. ಆದರೆ ಗಾಯಗೊಂಡವನನ್ನು ವಸತಿಗೃಹಕ್ಕೆ ಕರೆದೊಯ್ದ ಸಮಾರ್ಯದವನೂ ದಾರಿಯಲ್ಲಿ ಉಪದೇಶ ಮಾಡಿದನೆಂದು ಸತ್ಯವೇದ ಹೇಳುವುದಿಲ್ಲ. ಪಂಜಾಬಿನ ಹಳ್ಳಿಯೊಂದರಲ್ಲಿ ಕಾಯುತ್ತಿದ್ದ ತಾಯಿಗೆ ಮಗನ ಕಾಗದ ತಲುಪಿದರೆ, ಅದೇ ಅಂದಿನ ಸಾಕ್ಷಿಯಾಗಿತ್ತು.

1918ರ ವಸಂತದಲ್ಲಿ ಜರ್ಮನ್ ಸೈನ್ಯ ಹತ್ತಿರ ಬಂದಾಗ ಟಾಲ್ಬಟ್ ಹೌಸನ್ನು ತೆರವು ಮಾಡಬೇಕಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದು ಮತ್ತೆ ತೆರೆಯಿತು. ನವೆಂಬರಿನಲ್ಲಿ ಯುದ್ಧ ಮುಗಿಯಿತು. ಅಟ್ಟದಲ್ಲಿ ಸಂಸ್ಕಾರ ಸ್ವೀಕರಿಸಿದವರು ಚೀಟಿಗಳಲ್ಲಿ ಬರೆದುಕೊಟ್ಟಿದ್ದ ಹೆಸರು ವಿಳಾಸಗಳನ್ನು ಕ್ಲೇಟನ್ ಕಾಪಾಡಿಕೊಂಡಿದ್ದರು. ಬದುಕುಳಿದವರಿಗೆ ಆ ವಿಳಾಸಗಳ ಮೂಲಕವೇ ಪತ್ರ ಬರೆದು ಅವರನ್ನು ಮತ್ತೆ ಒಟ್ಟುಗೂಡಿಸಿದರು. ಹೀಗೆ ಟಾಕ್ ಎಚ್ ಎಂಬುದು ಸೇವಾ ಚಳವಳಿಯಾಗಿ ಬೆಳೆದು, 1922ರಲ್ಲಿ ರಾಜಸನ್ನದನ್ನು ಪಡೆಯಿತು. ಯುದ್ಧಕಾಲದಲ್ಲಿ ಆ ಅಟ್ಟವನ್ನು ಹತ್ತಿದ್ದ ಬೆರಳೆಣಿಕೆಯ ಸ್ತ್ರೀಯರಲ್ಲಿ ಒಬ್ಬರಾದ ಆಲಿಸನ್ ಮ್ಯಾಕ್ಫಿ ಅವರು ಅದೇ ವರ್ಷ ಸ್ತ್ರೀ ಸಹಾಯಕರ ಸಂಘವನ್ನು ಸ್ಥಾಪಿಸಿದರು. ಕ್ಲೇಟನ್ ಅವರು 1922ರಿಂದ 1962ರವರೆಗೆ ಲಂಡನ್ನಿನ ಆಲ್ ಹ್ಯಾಲೋಸ್ ದೇವಾಲಯದ ಗುರುಗಳಾಗಿದ್ದು, 1972ರಲ್ಲಿ ನಿದ್ರೆಹೋದರು.

ಪೋಪರಿಂಗೆಯ ಮನೆಯನ್ನು 1929ರಲ್ಲಿ ಲಾರ್ಡ್ ವೇಕ್‌ಫೀಲ್ಡ್ ಅವರ ಕೊಡುಗೆಯಿಂದ ಟಾಕ್ ಎಚ್ ಕೊಂಡುಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ಪಟ್ಟಣವನ್ನು ಹಿಡಿದಾಗ ಊರಿನ ಜನರೇ ಮನೆಯ ವಸ್ತುಗಳನ್ನು ಸಾಗಿಸಿ ಬಚ್ಚಿಟ್ಟರು. 1944ರಲ್ಲಿ ಬಿಡುಗಡೆಯಾದ ಮೇಲೆ ಅವುಗಳನ್ನು ಹಿಂದಕ್ಕೆ ತಂದುಕೊಟ್ಟರು. ಒಂದು ಕಾಲಕ್ಕೆ ಅನ್ಯದೇಶದ ಸೈನಿಕರಿಗಾಗಿ ಇದ್ದ ಮನೆಯನ್ನು ಆ ಊರು ತನ್ನದಾಗಿ ಮಾಡಿಕೊಂಡಿತ್ತು. ಇಂದು ಅದು ವಸ್ತುಸಂಗ್ರಹಾಲಯವೂ ಹೌದು, ಅತಿಥಿಗೃಹವೂ ಹೌದು. ಸ್ವಯಂಸೇವಕರು ಸರದಿಯಂತೆ ಬಂದು ತಂಗಿ ಅದನ್ನು ನೋಡಿಕೊಳ್ಳುತ್ತಾರೆ. ಬಂದವರಿಗೆ ಚಹಾ ಕೊಡುತ್ತಾರೆ.

ನಮ್ಮ ಸಭೆಗಳ ಸುತ್ತಲೂ ಮನೆಬಿಟ್ಟು ಬಂದವರಿದ್ದಾರೆ. ಗಡಿ ಕಾಯಲು ಹೋದ ಮಗನಿರುವ ಕುಟುಂಬಗಳು ನಮ್ಮ ನಡುವೆ ಇವೆ. ರಜೆಗೆ ಬಂದ ಯೋಧನು ಆರಾಧನೆಗೆ ಬಂದು ಹಿಂದಿನ ಸಾಲಿನಲ್ಲಿ ಕುಳಿತು, ಯಾರೂ ಮಾತನಾಡಿಸದೆ ಹಾಗೆಯೇ ಹಿಂದಿರುಗುವುದುಂಟು. ಕಟ್ಟಡದ ಕೆಲಸಕ್ಕೆ ದೂರದ ರಾಜ್ಯಗಳಿಂದ ಬಂದವರು, ವಸತಿನಿಲಯಗಳಲ್ಲಿ ಓದುವ ಮಕ್ಕಳು, ಆಸ್ಪತ್ರೆಯ ಹೊರಗೆ ರಾತ್ರಿಯಿಡೀ ಕಾಯುವ ಬಂಧುಗಳು ಇವರೆಲ್ಲರೂ ನಮ್ಮ ಬೀದಿಗಳಲ್ಲಿಯೇ ಇದ್ದಾರೆ. ಇವರಿಗಾಗಿ ದೊಡ್ಡ ಯೋಜನೆ, ದೊಡ್ಡ ನಿಧಿ ಬೇಕೆಂದು ನಾವು ಸಮಿತಿಗಳಲ್ಲಿ ಚರ್ಚಿಸುತ್ತೇವೆ. ಟಾಲ್ಬಟ್ ಹೌಸ್ ಆರಂಭವಾದದ್ದು ಶೆಲ್ ಬಿದ್ದ ಒಂದು ಬಾಡಿಗೆ ಮನೆಯಲ್ಲಿ, ಕೊಟ್ಟಿಗೆಯಲ್ಲಿ ಸಿಕ್ಕ ಒಂದು ಹಳೆಯ ಮೇಜಿನೊಂದಿಗೆ. ಪರದೇಶಿಯನ್ನು ಸೇರಿಸಿಕೊಂಡವರು ತನ್ನನ್ನೇ ಸೇರಿಸಿಕೊಂಡರೆಂದು ಎಣಿಸುವ ಕರ್ತನು, ನಮ್ಮ ದೇವಾಲಯದ ಪಕ್ಕದಲ್ಲಿ ವಾರವಿಡೀ ಬೀಗ ಹಾಕಿರುವ ಕೊಠಡಿಯನ್ನೂ ನೋಡುತ್ತಿದ್ದಾನೆ. ಅದರ ಬೀಗದ ಕೈ ನಮ್ಮಲ್ಲಿಯೇ ಯಾರದೋ ಮನೆಯಲ್ಲಿದೆ.