ಇಂಗ್ಲಿಷಿನ 'ಗಿವ್' ಕ್ರಿಯಾಪದವೂ ಕನ್ನಡ ಶಾಸನಗಳ 'ಕೊಡು', 'ಬಿಡು'ಗಳೂ

ಕನ್ನಡನಾಡಿನ ದಾನಶಾಸನಗಳನ್ನು ಇಂಗ್ಲಿಷಿಗೆ ಪರಿವರ್ತಿಸಿದ ವಿದ್ವಾಂಸರು ದಾನಕ್ರಿಯೆಯನ್ನು ಹೇಳಬೇಕಾದೆಡೆಯಲ್ಲಿ ಹೆಚ್ಚಾಗಿ 'ಗಿವ್', 'ಗ್ರ್ಯಾಂಟ್' ಎಂಬ ಪದಗಳನ್ನೇ ಬಳಸಿರುವರು. ಮೂಲದಲ್ಲಿಯಾದರೋ 'ಕೊಟ್ಟರ್' ಎಂದೂ 'ಬಿಟ್ಟರ್' ಎಂದೂ 'ಇತ್ತರ್' ಎಂದೂ ಬೇರೆಬೇರೆ ಕ್ರಿಯಾಪದಗಳಿರುವುವು. ಇವು ಬರಿಯ ಪರ್ಯಾಯಗಳೇ, ಅಥವಾ ಒಂದೊಂದಕ್ಕೂ ತನ್ನದೇ ಆದ ಅರ್ಥವುಂಟೇ ಎಂಬುದು ನಿಘಂಟಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ದತ್ತಿಯಿಂದ ಕೈಬದಲಾದುದು ನೆಲವೋ, ನೆಲದ ಮೇಲಣ ಅರಸನ ಹಕ್ಕೋ ಎಂಬ ಇತಿಹಾಸದ ಪ್ರಶ್ನೆಯೂ ಇದರಲ್ಲಿ ಅಡಗಿರುವುದು.

ಮೊದಲು ಇಂಗ್ಲಿಷ್ ಪದದ ಸ್ವರೂಪವನ್ನು ನೋಡಬಹುದು. 'ಗಿವ್' ಎಂಬುದು ಜರ್ಮಾನಿಕ್ ವರ್ಗದ ಹಳೆಯ ಪದ. ಜರ್ಮನ್ ಭಾಷೆಯ 'ಗೇಬೆನ್' ಇದರ ಜ್ಞಾತಿ. ಮಧ್ಯಕಾಲದ ಇಂಗ್ಲಿಷಿನಲ್ಲಿ ಇದಕ್ಕೆ ಯಕಾರಾದಿಯಾದ ರೂಪಗಳಿದ್ದುವು. ಇಂದಿನ ಗಕಾರವು ಸ್ಕಾಂಡಿನೇವಿಯದ ಭಾಷೆಗಳ ಪ್ರಭಾವದಿಂದ ನೆಲೆಗೊಂಡಿತು. ಉಪಪದಗಳು ಸೇರಿದಾಗ ಇದರ ಅರ್ಥವು ಬಹುದೂರ ಸಾಗುವುದು. 'ಗಿವ್ ಅಪ್' ಎಂದರೆ ತೊರೆ. 'ಗಿವ್ ಇನ್' ಎಂದರೆ ಮಣಿ. 'ಗಿವ್ ವೇ' ಎಂದರೆ ದಾರಿ ಬಿಡು, ಕುಸಿ. 'ಫರ್‌ಗಿವ್' ಎಂಬುದಕ್ಕೆ ಕ್ಷಮಿಸು ಎಂಬುದಲ್ಲದೆ ಸಾಲವನ್ನು ಮನ್ನಾ ಮಾಡು ಎಂಬ ಅರ್ಥವೂ ಉಂಟು. ಕೊಡುವ ಪದದಿಂದಲೇ ಬಿಡುವ ಅರ್ಥವನ್ನು ಪಡೆಯಲು ಇಂಗ್ಲಿಷಿಗೆ ಹೀಗೆ ಮತ್ತೊಂದು ಪದದ ಅಥವಾ ಉಪಸರ್ಗದ ನೆರವು ಬೇಕಾಗುವುದು.

ದ್ರಾವಿಡ ಭಾಷೆಗಳ ಮಾರ್ಗ ಬೇರೆ. ಕೇಳುವವನು ಕೀಳಾದವನಾದರೆ 'ಈ', ಸಮಾನನಾದರೆ 'ತಾ', ಮೇಲಾದವನಾದರೆ 'ಕೊಡು' ಎಂದು ಹೇಳಬೇಕೆಂದು ತಮಿಳಿನ ತೊಲ್ಕಾಪ್ಪಿಯಂ ವಿಧಿಸಿದೆ. ಮಲೆಯಾಳದಲ್ಲಿ ಪಡೆಯುವವನು ಉತ್ತಮ, ಮಧ್ಯಮಪುರುಷನಾದರೆ ಒಂದು ಕ್ರಿಯಾಪದ, ಪ್ರಥಮಪುರುಷನಾದರೆ ಇನ್ನೊಂದು. ಈ ವರ್ಗದ 'ಬಾ', 'ಕೊಡು' ಎಂಬರ್ಥದ ಕ್ರಿಯಾಪದಗಳನ್ನು ಕುರಿತು ಎಮೆನೋ ಅವರು 1945ರಲ್ಲಿ ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದರು. ಕನ್ನಡದಲ್ಲಿ 'ತರು' ಎಂಬುದು ಹೊತ್ತು ತರುವ ಅರ್ಥಕ್ಕೆ ಸರಿದು, 'ಈ' ಕಾವ್ಯಭಾಷೆಯಲ್ಲಿ ಉಳಿದು, 'ಕೊಡು' ಸರ್ವಸಾಧಾರಣವಾಯಿತು. ಅದರ ಪಕ್ಕದಲ್ಲಿ ಶಾಸನಕಾರರು 'ಬಿಡು'ವನ್ನು ನಿಲ್ಲಿಸಿದರು.

ಹಂಸಭಾವಿಯನ್ನೊಳಗೊಂಡ ಹಿರೇಕೆರೂರು ತಾಲ್ಲೂಕು ಈ ವಿಚಾರಕ್ಕೆ ತಕ್ಕ ಕ್ಷೇತ್ರ. ಹಿಂದೆ ಧಾರವಾಡ ಜಿಲ್ಲೆಯ ಕೋಡ ತಾಲ್ಲೂಕೆನಿಸಿ, 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿದ ಈ ಸೀಮೆಯೂ, ಪಾನುಂಗಲ್ಲೆಂದು ಹೆಸರಾಗಿದ್ದ ಹಾನಗಲ್ಲಿನ ಪರಿಸರವೂ ಶಾಸನಗಳಿಂದ ಸಮೃದ್ಧವಾಗಿವೆ. ಕಾಲನ್ನು ತೊಳೆದು, ಧಾರಾಪೂರ್ವಕವಾಗಿ, ಸರ್ವನಮಸ್ಯವಾಗಿ 'ಬಿಟ್ಟರ್' ಎಂಬುದು ಆ ಕಾಲದ ದಾನಶಾಸನಗಳ ರೂಢಿಯ ಮಾತು. ಸುಂಕವನ್ನು 'ಬಿಟ್ಟರ್' ಎಂದಲ್ಲಿ ಅರ್ಥವು ಸ್ಪಷ್ಟವಾಗುವುದು: ಸುಂಕವು ಅರಸನ ಕೈಯಲ್ಲಿದ್ದ ವಸ್ತುವಲ್ಲ, ಅವನು ಎತ್ತಬಹುದಾಗಿದ್ದ ಹಕ್ಕು, ಆ ಹಕ್ಕನ್ನು ಅವನು ಸಡಿಲಿಸಿದನು.

ಇದೇ ತಾಲ್ಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯನ ಚರಿತ್ರೆಯನ್ನು ಹೇಳುವ ಪ್ರಸಿದ್ಧ ಶಾಸನವಿದೆ. ಫ್ಲೀಟರು ಇದನ್ನು ಎಪಿಗ್ರಾಫಿಯಾ ಇಂಡಿಕಾದ 5ನೆಯ ಸಂಪುಟದಲ್ಲಿ ಸಂಪಾದಿಸಿದರು. ಅದರ ಪ್ರಕಾರ ಬಿಜ್ಜಳನಿಂದ ರಾಮಯ್ಯನಿಗೆ ಜಯಪತ್ರವು ದೊರೆಯಿತು. ದೇವಾಲಯಕ್ಕೆ ಬಿಜ್ಜಳ, ನಾಲ್ವಡಿ ಸೋಮೇಶ್ವರ, ಹಾನಗಲ್ಲ ಕದಂಬ ಕಾಮದೇವ ಇವರಿಂದ ಊರುಗಳು ದತ್ತಿಯಾದುವು. ಪತ್ರವು ಕೈಯಿಂದ ಕೈಗೆ ಸಲ್ಲುವ ವಸ್ತು. ಊರು ಹಾಗಲ್ಲ, ಅಲ್ಲಿಯ ಒಕ್ಕಲು, ಕೆರೆ, ಹೊಲಗಳು ಇದ್ದಲ್ಲಿಯೇ ಇರುವುವು. ಬದಲಾಗುವುದು ಅವುಗಳ ಆದಾಯವನ್ನು ಪಡೆಯುವವನು. ಇವೆರಡಕ್ಕೂ 'ಗಿವ್' ಎಂದೇ ಬರೆದರೆ ಓದುಗನಿಗೆ ಈ ಭೇದವು ಕಾಣದು.

ಆಡುಮಾತಿನ ಸಾಕ್ಷ್ಯವೂ ಇದಕ್ಕೆ ಪೋಷಕವಾಗಿದೆ. 'ಬರೆದುಕೊಟ್ಟನು' ಎಂದಾಗ ಫಲವು ಇನ್ನೊಬ್ಬನದು. 'ಬರೆದುಬಿಟ್ಟನು' ಎಂದಾಗ ಕರ್ತೃವಿನ ಕೆಲಸವು ಮುಗಿಯಿತು, ಇನ್ನು ಹಿಂದೆಗೆಯುವಂತಿಲ್ಲ. 'ಕೊಡು' ಪಡೆದವನತ್ತ ನೋಡುವುದು, 'ಬಿಡು' ಕೊಟ್ಟವನತ್ತ. ದಾನವನ್ನು ಅಪಹರಿಸಿದವನಿಗೆ ಶಾಪವನ್ನು ಹೇಳುವ ಶಾಸನಗಳಿಗೆ ಈ ಎರಡನೆಯ ಅರ್ಥವೇ ಹೆಚ್ಚು ಒಪ್ಪುವುದು.

ಆಂಗ್ಲ ಆಡಳಿತಕ್ಕೂ ಈ ಭೇದವು ತಪ್ಪಲಿಲ್ಲ. ಇನಾಮುಗಳ ಹಕ್ಕನ್ನು ಪರಿಶೀಲಿಸಲು 1852ರ ಕಾಯಿದೆಯು ಹುಟ್ಟಿತು. ಮುಂದೆ 1879ರ ಮುಂಬಯಿ ಭೂಕಂದಾಯ ಸಂಹಿತೆಯು 'ಏಲಿಯನೇಟೆಡ್' ಎಂಬ ಪದವನ್ನು ನಿರ್ವಚಿಸುವಾಗ, ಕಂದಾಯವನ್ನು ಪಡೆಯುವ ಸರಕಾರದ ಹಕ್ಕಿನ ಮಟ್ಟಿಗೆ ವರ್ಗಾವಣೆಯಾದುದು ಎಂದು ಅರ್ಥವನ್ನು ಮಿತಗೊಳಿಸಿತು. ಶಾಸನಕಾರರು 'ಬಿಟ್ಟರ್' ಎಂಬ ಒಂದು ಪದದಿಂದ ಸೂಚಿಸುತ್ತಿದ್ದುದಕ್ಕೆ ಇದು ಬಹು ಸಮೀಪವಾದುದು.

ಆದರೂ ಪದವೊಂದನ್ನೇ ಹಿಡಿದು ನಿರ್ಣಯಿಸುವುದು ಯುಕ್ತವಲ್ಲ. ಗದ್ದೆ, ಮತ್ತರು, ಎಣ್ಣೆಯ ಗಾಣಗಳಿಗೂ 'ಬಿಟ್ಟ' ಎಂಬ ಪ್ರಯೋಗವಿದೆ. ತೆರಿಗೆಯಿಲ್ಲದ ಊರನ್ನು 'ಕೊಟ್ಟರ್' ಎಂಬುದೂ ಉಂಟು. ರೂಪಸಾಮ್ಯಕ್ಕೆ ಮರುಳಾಗಿ, ಸಂಸ್ಕೃತದ 'ವಿಷ್ಟಿ'ಯಿಂದ ಬಂದ 'ಬಿಟ್ಟಿ'ಯನ್ನು 'ಬಿಡು'ವಿನೊಡನೆ ಸೇರಿಸಲೂ ಆಗದು. ಕರ್ಮಪದವೇನು, ಪರಿಹಾರದ ಮಾತುಗಳೇನು, ಪಡೆದವರಾರು ಎಂಬುದನ್ನು ಕ್ರಿಯಾಪದದೊಡನೆ ಕೂಡಿಸಿ ಓದಬೇಕು. ಶಾಸನಗಳನ್ನು ಬೋಧಿಸುವ ಅಧ್ಯಾಪಕರು ಇಂಗ್ಲಿಷ್ ಪರಿವರ್ತನೆಯಿಂದ ಮೂಲಕ್ಕೆ ಹೋಗದೆ, ಮೂಲದ ಕ್ರಿಯಾಪದದಿಂದ ಹೊರಟರೆ, ಅರಸನು ಏನನ್ನು ಕೊಟ್ಟನೆಂಬುದರ ಜತೆಗೆ ಏನನ್ನು ಬಿಟ್ಟನೆಂಬುದೂ ವಿದ್ಯಾರ್ಥಿಗಳಿಗೆ ತಿಳಿಯುವುದು.